ನೀರು ಹಂಚುವ ಪೈಪ್ ಜಾಲ: ಕವಲೋ ಉಂಗುರವೋ, ಡಿಐಯೋ ಎಚ್‌ಡಿಪಿಇಯೋ, ಟ್ಯಾಂಕೋ ನೇರ ಪಂಪೋ

ನೀರು ಹಂಚುವ ಜಾಲವನ್ನು ವಿನ್ಯಾಸ ಮಾಡಲು ಕೂತವರ ಮುಂದೆ ಬರುವ ಪ್ರಶ್ನೆಗಳು ಐದಾರು. ಪೈಪುಗಳನ್ನು ಕವಲಾಗಿ ಬಿಡುವುದೋ, ಸುತ್ತು ಹಾಕಿ ಕೂಡಿಸುವುದೋ? ಎಷ್ಟು ವ್ಯಾಸ? ಯಾವ ಪೈಪು, ಡಕ್ಟೈಲ್ ಐರನ್ ಎಂಬ ಗಟ್ಟಿ ಎರಕದ ಕಬ್ಬಿಣದ ಡಿಐಯೋ, ಪಾಲಿಥೀನ್ ಪ್ಲಾಸ್ಟಿಕ್ಕಿನ ಎಚ್‌ಡಿಪಿಇಯೋ? ಟ್ಯಾಂಕಿನಿಂದ ತಾನಾಗಿ ಇಳಿಯಲೋ, ಪಂಪೇ ತಳ್ಳಲೋ? ಒತ್ತಡ ಎಷ್ಟಿರಬೇಕು? ಅಂದಾಜುಪಟ್ಟಿಯಲ್ಲಿ ಇವು ಬೇರೆ ಬೇರೆ ಸಾಲುಗಳಲ್ಲಿ ಕೂರುತ್ತವೆ. ಮಣ್ಣು ಮುಚ್ಚಿದ ಮೇಲೆ ಮಾತ್ರ ಒಂದರ ತಪ್ಪು ಇನ್ನೊಂದರ ತಲೆಗೆ ಬರುತ್ತದೆ.

ಹಣ ಉಳಿಸಬಹುದಾದ ಜಾಗಗಳು ಇವೆ, ಉಳಿಸಬಾರದ ಜಾಗಗಳೂ ಇವೆ. ಕೊನೆಯ ಬೀದಿಯ ಪೈಪಿನ ವ್ಯಾಸ, ಬೇಡದ ಒತ್ತಡ, ಟ್ಯಾಂಕಿನ ಅನಗತ್ಯ ಎತ್ತರ: ಇಲ್ಲಿ ಧೈರ್ಯವಾಗಿ ಕತ್ತರಿ ಆಡಿಸಿ. ವಾಲ್ವು, ಜಾಯಿಂಟು, ಪೈಪಿನ ಕೆಳಗಿನ ಮರಳು: ಇವುಗಳ ತಂಟೆಗೆ ಹೋಗಬೇಡಿ. ಕೆಳಗಿನ ಹೋಲಿಕೆಗಳನ್ನೆಲ್ಲ ಈ ಕಣ್ಣಿನಿಂದಲೇ ಮಾಡಿದೆ.

ಕವಲು ಜಾಲವೋ, ಉಂಗುರ ಜಾಲವೋ

ಕವಲು ಜಾಲದಲ್ಲಿ ಪ್ರತಿ ಮನೆಗೂ ನೀರು ಬರುವ ದಾರಿ ಒಂದೇ. ಪೈಪಿನ ಒಟ್ಟು ಉದ್ದ ಕಡಿಮೆ. ಲೆಕ್ಕವೂ ಸುಲಭ: ಕಟ್ಟಕಡೆಯ ಮನೆಯಿಂದ ಬೇಡಿಕೆ ಕೂಡಿಸುತ್ತ ಮೇಲಕ್ಕೆ ಬಂದರೆ ಪ್ರತಿ ಪೈಪಿನ ಹರಿವು ಸಿಕ್ಕಿತು. ಆದರೆ ಮೇಲೆ ಎಲ್ಲಿ ಒಡೆದರೂ ಅದರ ಕೆಳಗಿನವರೆಲ್ಲ ರಿಪೇರಿ ಮುಗಿಯುವವರೆಗೆ ಕಾಯಬೇಕು. ಪೈಪು ಮುಗಿಯುವ ಕಡೆ ನೀರು ನಿಂತು ಹಳಸುತ್ತದೆ, ಕ್ಲೋರಿನ್ ಕರಗಿಹೋಗುತ್ತದೆ, ಕೆಸರು ಕೂರುತ್ತದೆ. ಹಾಗಾಗಿ ಪ್ರತಿ ಕೊನೆಗೂ ಒಂದು ವಾಶೌಟ್ ವಾಲ್ವ್ ಬೇಕೇ ಬೇಕು. ಅದನ್ನು ಆಗಾಗ ತೆರೆದು ಸೆಕೆಂಡಿಗೆ ಸುಮಾರು 1.5 ಮೀಟರ್ ವೇಗದಲ್ಲಿ ನೀರು ಬಿಟ್ಟರೆ ಮಾತ್ರ ಕೆಸರು ಏಳುತ್ತದೆ. ಸಣ್ಣಗೆ ಹರಿಸಿದರೆ ನೀರು ಹೋಗುತ್ತದೆ, ಕೆಸರು ಅಲ್ಲೇ ಇರುತ್ತದೆ.

ಉಂಗುರ ಜಾಲದಲ್ಲಿ ನೀರಿಗೆ ಎರಡು ದಾರಿ. ಇದರ ಲಾಭ ಒಡೆದ ದಿನಕ್ಕಷ್ಟೇ ಸೀಮಿತವಲ್ಲ. ಘರ್ಷಣೆಯ ನಷ್ಟ ಹರಿವಿನ 1.852ನೇ ಘಾತದಂತೆ ಏರುವುದರಿಂದ, ಹರಿವು ಅರ್ಧವಾದರೆ ನಷ್ಟ ಶೇ 28ಕ್ಕೆ ಇಳಿಯುತ್ತದೆ. ಸೆಕೆಂಡಿಗೆ 20 ಲೀಟರ್ ನೀರನ್ನು 150 ಮಿಮೀ ಪೈಪೊಂದರಲ್ಲಿ ಒಂದು ಕಿಲೋಮೀಟರ್ ಒಯ್ದರೆ 8.3 ಮೀಟರ್ ಹೆಡ್ (ನೀರಿನ ಕಂಬದ ಎತ್ತರದಲ್ಲಿ ಅಳೆದ ಒತ್ತಡ) ಖರ್ಚು. ಅದೇ ನೀರು ಎರಡು ಬೀದಿಯ ಎರಡು 150 ಮಿಮೀ ಪೈಪುಗಳಲ್ಲಿ ಹಂಚಿಕೊಂಡು ಹೋದರೆ 2.3 ಮೀಟರ್ ಸಾಕು. ಎರಡೂ ಬೀದಿಗೆ ಹೇಗೂ ಪೈಪು ಹಾಕಲೇಬೇಕಿರುವಾಗ ತುದಿಗಳನ್ನು ಕೂಡಿಸುವ ನೂರಿನ್ನೂರು ಮೀಟರ್ ಪೈಪು ಬಹಳ ಅಗ್ಗದ ವಿಮೆ.

ಉಂಗುರದಲ್ಲಿ ಯಾವ ಪೈಪಿನಲ್ಲಿ ಎಷ್ಟು ಹರಿಯುತ್ತದೆ ಎಂದು ಕೂಡಿಸಿ ಹೇಳಲು ಬರುವುದಿಲ್ಲ. 1936ರಲ್ಲಿ ಹಾರ್ಡಿ ಕ್ರಾಸ್ ತೋರಿಸಿದ ವಿಧಾನದಲ್ಲಿ ಊಹೆಯ ಹರಿವಿನಿಂದ ಹೊರಟು ಉಂಗುರ ಉಂಗುರವನ್ನೂ ತಿದ್ದುತ್ತ ಹೋಗಬೇಕಿತ್ತು. ಈಗ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಉಚಿತ ತಂತ್ರಾಂಶ ಇಪಿಎನೆಟ್ ಆ ಕೆಲಸವನ್ನು ಕ್ಷಣದಲ್ಲಿ ಮುಗಿಸುತ್ತದೆ. ಹೀಗಾಗಿ "ಲೆಕ್ಕ ಕಷ್ಟ" ಎಂಬ ಕಾರಣಕ್ಕೆ ಕವಲು ಜಾಲ ಆರಿಸುವ ಕಾಲ ಮುಗಿದಿದೆ.

ಇಲ್ಲೊಂದು ಗುಂಡಿ ಇದೆ, ಹೆಚ್ಚಿನವರು ಬೀಳುವುದು ಅದರಲ್ಲೇ. ಗರಿಷ್ಠ ಬೇಡಿಕೆಯ ಒಂದೇ ಸ್ಥಿತಿಯನ್ನು ಕೊಟ್ಟು ಕನಿಷ್ಠ ವೆಚ್ಚದ ವ್ಯಾಸ ಹುಡುಕು ಎಂದರೆ, ವ್ಯಾಸ ಆರಿಸಿಕೊಡುವ ತಂತ್ರಾಂಶ ನಿಮ್ಮ ಉಂಗುರವನ್ನು ಸದ್ದಿಲ್ಲದೆ ಕವಲಾಗಿಸುತ್ತದೆ. ಕೂಡು ಪೈಪಿಗೆ ಅನುಮತಿ ಇರುವ ಅತಿ ಸಣ್ಣ ವ್ಯಾಸ ಬಂದು ಕೂರುತ್ತದೆ, ಏಕೆಂದರೆ ಒಳ್ಳೆಯ ದಿನ ಅದಕ್ಕೆ ಕೆಲಸವೇ ಇಲ್ಲ. ಮುಖ್ಯ ಪೈಪು ಒಡೆದಾಗ ಇಡೀ ಬಡಾವಣೆಯ ನೀರು ಆ ಸಣ್ಣ ಪೈಪಿನಲ್ಲೇ ಬರಬೇಕು, ಬರುವುದಿಲ್ಲ. ಕೂಡು ಪೈಪು ತಾನು ಜೋಡಿಸುವ ಪೈಪುಗಳಿಗಿಂತ ಒಂದು ಅಳತೆಯಷ್ಟೇ ಸಣ್ಣದಿರಲಿ, ಅದಕ್ಕಿಂತ ಕೆಳಗೆ ಬೇಡ.

ಇದನ್ನು ಪರೀಕ್ಷಿಸಲು ಇಪಿಎನೆಟ್‌ನಲ್ಲಿ ಕಟ್ಟಿದ ಜಾಲದ ಮಾದರಿಯಲ್ಲಿ ಮುಖ್ಯ ಪೈಪುಗಳನ್ನು ಒಂದೊಂದಾಗಿ ಮುಚ್ಚಿ ಓಡಿಸಿ. ಪ್ರತಿ ಸಲ ಎಷ್ಟು ಸಂಧಿಗಳಲ್ಲಿ ಒತ್ತಡ 10 ಮೀಟರಿಗಿಂತ ಕೆಳಗೆ ಇಳಿಯಿತು ಎಂದು ಬರೆದುಕೊಳ್ಳಿ. ಓಡಿಸುವಾಗ ಒತ್ತಡಕ್ಕೆ ತಕ್ಕಂತೆ ಹರಿವು ಬದಲಾಗುವ ಆಯ್ಕೆಯನ್ನೇ ಬಳಸಿ. ಇಪಿಎನೆಟ್‌ನ 2020ರ 2.2 ಆವೃತ್ತಿಯಿಂದ ಅದು ಒಳಗೇ ಇದೆ. ಹಳೆಯ ರೀತಿಯಲ್ಲಿ ಓಡಿಸಿದರೆ ಒತ್ತಡ ಋಣಾತ್ಮಕವಾಗಿದ್ದರೂ ಪೂರ್ತಿ ನೀರು ಸಿಕ್ಕಿತು ಎಂದೇ ಮಾದರಿ ತೋರಿಸುತ್ತದೆ. ಕೊನೆಗೆ ಉಳಿಯುವ ಪಟ್ಟಿಯಲ್ಲಿ ಹೊಸ ಕೂಡು ಪೈಪು ಎಲ್ಲಿ ಬೇಕೆಂಬುದು ತಾನೇ ಕಾಣುತ್ತದೆ.

ಆದರೆ ಮಾದರಿಯಲ್ಲಿ ಬೇಕಾದ ಯಾವುದೇ ಒಂದು ಪೈಪನ್ನಷ್ಟೇ ಬೇರೆಯಾಗಿ ಮುಚ್ಚಲು ಬರುತ್ತದೆ. ನೆಲದಲ್ಲಿ ಮುಚ್ಚುವುದು ವಾಲ್ವು, ಅದು ಇರುವಲ್ಲಿ ಮಾತ್ರ. ವಾಲ್ವಿಲ್ಲದ ಉಂಗುರಕ್ಕೆ ದುಬಾರಿ ಕವಲು ಎನ್ನುವುದೇ ಸರಿ. ಮೂರು ಪೈಪು ಸೇರುವ ಟೀ ಬಳಿ ಕನಿಷ್ಠ ಎರಡು ವಾಲ್ವು, ನಾಲ್ಕು ಸೇರುವಲ್ಲಿ ಮೂರು. ಬೆನ್ನೆಲುಬಿನ ಪೈಪುಗಳ ಮೇಲೆ ಸೇರುವ ಪೈಪುಗಳಷ್ಟೇ ವಾಲ್ವು ಇದ್ದರೆ ಇನ್ನೂ ಒಳ್ಳೆಯದು. ಎಲ್ಲಿ ಒಡೆದರೂ ನಾಲ್ಕಕ್ಕಿಂತ ಹೆಚ್ಚು ವಾಲ್ವು ತಿರುಗಿಸದೆ ಆ ತುಂಡನ್ನು ಬೇರ್ಪಡಿಸಲು ಆಗಬೇಕು ಎಂಬ ಗುರಿ ಇಟ್ಟುಕೊಂಡು ನಕ್ಷೆಯ ಮೇಲೆ ಬೆರಳಿಟ್ಟು ನೋಡಿ. ವರ್ಷಕ್ಕೊಮ್ಮೆಯಾದರೂ ಪ್ರತಿ ವಾಲ್ವನ್ನು ಪೂರ್ತಿ ಮುಚ್ಚಿ ತೆರೆಯಬೇಕು, ಸುತ್ತುಗಳನ್ನು ಎಣಿಸಿ ಬರೆದಿಡಬೇಕು. 20 ಸುತ್ತಿನ ವಾಲ್ವು 13ಕ್ಕೇ ನಿಂತರೆ ಒಳಗೆ ಕಸ ಸಿಕ್ಕಿಕೊಂಡಿದೆ ಎಂದು ಅರ್ಥ. ಅಂಥದ್ದಕ್ಕೆ ಉದ್ದನೆಯ ಕೀಲಿ ಹಾಕಿ ಬಲ ಪ್ರಯೋಗಿಸಿದರೆ ಸ್ಪಿಂಡಲ್ ಮುರಿಯುತ್ತದೆ. ಸ್ವಲ್ಪ ತೆರೆದು, ಸ್ವಲ್ಪ ಮುಚ್ಚಿ, ಹೀಗೆ ಹತ್ತಾರು ಸಲ ಆಡಿಸಿ ಕಸವನ್ನು ಹರಿವಿಗೆ ಬಿಡಬೇಕು.

ಹಾಗಾದರೆ ಯಾವುದು? ಬೆನ್ನೆಲುಬು ಉಂಗುರವಾಗಿರಲಿ, ಅದರಿಂದ ಒಳಬೀದಿಗೆ ಹೋಗುವ ಬಾಲಗಳು ಕವಲಾಗಿರಲಿ. ಒಂದು ಬಾಲದ ಮೇಲೆ ಮೂವತ್ತು ನಲವತ್ತು ಮನೆ ದಾಟಿದರೆ ಅದನ್ನೂ ಕೂಡಿಸುವ ಯೋಚನೆ ಮಾಡಬಹುದು. ಆಸ್ಪತ್ರೆಯಂಥ ಕಟ್ಟಡ ಇದ್ದರೆ ಅದು ಬಾಲದ ಮೇಲೆ ಬರಕೂಡದು, ಎಷ್ಟೇ ಖರ್ಚಾದರೂ.

ವ್ಯಾಸ: ಪೈಪಿನ ಬೆಲೆಯೋ, ವಿದ್ಯುತ್ತಿನ ಬೆಲೆಯೋ

ಸೆಕೆಂಡಿಗೆ 20 ಲೀಟರ್, ಒಂದು ಕಿಲೋಮೀಟರ್, ದಿನಕ್ಕೆ 16 ಗಂಟೆ ಪಂಪಿಂಗ್, ಪಂಪು ಮೋಟಾರು ಸೇರಿ ದಕ್ಷತೆ ಶೇ 65, ಹೇಜನ್-ವಿಲಿಯಮ್ಸ್ ಸಿ ಬೆಲೆ (ಪೈಪಿನ ಒಳಮೈ ಎಷ್ಟು ನುಣುಪು ಎಂದು ಹೇಳುವ ಸಂಖ್ಯೆ) 140 ಎಂದಿಟ್ಟುಕೊಂಡರೆ ಲೆಕ್ಕ ಹೀಗೆ ಬರುತ್ತದೆ:

| ಒಳವ್ಯಾಸ | ವೇಗ (ಸೆಕೆಂಡಿಗೆ) | ಕಿಮೀಗೆ ನಷ್ಟ | ಆ ನಷ್ಟಕ್ಕೆ ವರ್ಷಕ್ಕೆ ಬೇಕಾಗುವ ವಿದ್ಯುತ್ |
|---|---|---|---|
| 100 ಮಿಮೀ | 2.55 ಮೀ | 59.8 ಮೀ | ಸುಮಾರು 1,05,000 ಯೂನಿಟ್ |
| 150 ಮಿಮೀ | 1.13 ಮೀ | 8.3 ಮೀ | ಸುಮಾರು 14,650 ಯೂನಿಟ್ |
| 200 ಮಿಮೀ | 0.64 ಮೀ | 2.05 ಮೀ | ಸುಮಾರು 3,600 ಯೂನಿಟ್ |
| 250 ಮಿಮೀ | 0.41 ಮೀ | 0.69 ಮೀ | ಸುಮಾರು 1,200 ಯೂನಿಟ್ |

100ರಿಂದ 150ಕ್ಕೆ ಹೋಗುವುದರಲ್ಲಿ ಯೋಚಿಸಲು ಏನೂ ಇಲ್ಲ. 150ರಿಂದ 200ಕ್ಕೆ ಹೋದರೆ ವರ್ಷಕ್ಕೆ 11,000 ಯೂನಿಟ್ ಉಳಿಯುತ್ತದೆ. ನಿಮ್ಮ ಯೂನಿಟ್ ದರದಿಂದ ಗುಣಿಸಿ, ಪೈಪಿನ ಹೆಚ್ಚುವರಿ ಬೆಲೆಯ ಪಕ್ಕ ಇಟ್ಟು ನೋಡಿ. ಎಷ್ಟು ವರ್ಷಕ್ಕೆ ಸರಿಹೋಗುತ್ತದೆ ಎಂಬುದು ತಿಳಿಯುತ್ತದೆ. ಟ್ರೆಂಚು ಅಗೆಯುವ, ರಸ್ತೆ ಸರಿಪಡಿಸುವ ಖರ್ಚು ಎರಡು ವ್ಯಾಸಕ್ಕೂ ಹೆಚ್ಚು ಕಡಿಮೆ ಒಂದೇ ಎಂಬುದನ್ನು ಮರೆಯಬೇಡಿ. 200ರಿಂದ 250ಕ್ಕೆ ಸಿಗುವುದು ಬರೀ 2,400 ಯೂನಿಟ್. ಭವಿಷ್ಯದ ಬೇಡಿಕೆಗೆ ಬಲವಾದ ಕಾರಣ ಇಲ್ಲದಿದ್ದರೆ ಬಿಟ್ಟುಬಿಡಿ. ಸೆಕೆಂಡಿಗೆ 0.6ರಿಂದ 1.2 ಮೀಟರ್ ವೇಗದ ಆಸುಪಾಸಿನಲ್ಲೇ ಲಾಭದ ವ್ಯಾಸ ಸಾಮಾನ್ಯವಾಗಿ ಸಿಗುವುದು.

ನೀರು ಎತ್ತರದಿಂದ ತಾನಾಗಿ ಇಳಿಯುವ ಕಡೆ ವಿದ್ಯುತ್ತಿನ ಲೆಕ್ಕ ಇಲ್ಲ. ಅಲ್ಲಿ ಟ್ಯಾಂಕಿನ ನೀರಿನ ಮಟ್ಟದಿಂದ ಅತಿ ಎತ್ತರದ ಮನೆಯ ನೆಲಮಟ್ಟ ಮತ್ತು ಅಲ್ಲಿಗೆ ಬೇಕಾದ ಒತ್ತಡ ಎರಡನ್ನೂ ಕಳೆದು ಉಳಿದದ್ದನ್ನೆಲ್ಲ ಘರ್ಷಣೆಗೆ ಖರ್ಚು ಮಾಡುವ ವ್ಯಾಸವೇ ಸರಿಯಾದ ವ್ಯಾಸ.

ಸಿ ಬೆಲೆಯಲ್ಲಿ ಆಸೆ ಬೇಡ. ಹೊಸ ಪೈಪಿನ 140 ಹಾಕಿ ವಿನ್ಯಾಸ ಮಾಡಿ, ಮುಂದೆ ಅದು 100ಕ್ಕೆ ಇಳಿದರೆ ನಷ್ಟ 1.87 ಪಟ್ಟಾಗುತ್ತದೆ. ಪ್ಲಾಸ್ಟಿಕ್ಕಿಗೆ 130ರಿಂದ 140, ಸಿಮೆಂಟ್ ಲೇಪದ ಡಿಐ ಪೈಪಿಗೆ 120ರಿಂದ 130 ಹಾಕಿದರೆ ಜಾಯಿಂಟು, ಬೆಂಡುಗಳ ನಷ್ಟವೂ ಅದರಲ್ಲೇ ಹೊಂದಿಕೊಳ್ಳುತ್ತದೆ.

ಬಾಲದ ಪೈಪುಗಳಲ್ಲಿ ತಪ್ಪು ಆಗುವುದು ತಿರುವುಮುರುವಾಗಿ: ದೊಡ್ಡದಾಗಿಬಿಡುತ್ತವೆ. ಆರು ಮನೆಯ 300 ಮೀಟರ್ ಬೀದಿಗೆ 150 ಮಿಮೀ ಪೈಪು ಹಾಕಿದರೆ ಅದರ ಹೊಟ್ಟೆಯಲ್ಲಿ 5,300 ಲೀಟರ್ ನೀರು. ಮನೆಗೆ ಐದು ಜನ, ತಲೆಗೆ 150 ಲೀಟರ್ ಎಂದರೂ ಆ ಬೀದಿಯ ದಿನದ ಬಳಕೆ 4,500 ಲೀಟರ್. ಅಂದರೆ ನೀರು ಒಂದು ದಿನಕ್ಕೂ ಹೆಚ್ಚು ಹೊತ್ತು ಅಲ್ಲೇ ಮಲಗಿರುತ್ತದೆ. ಅದೇ 63 ಮಿಮೀ ಎಚ್‌ಡಿಪಿಇ ಹಾಕಿದರೆ ಮೂರ್ನಾಲ್ಕು ಗಂಟೆಯಲ್ಲಿ ನೀರು ಬದಲಾಗುತ್ತದೆ, ಹಣವೂ ಉಳಿಯುತ್ತದೆ. ಬೆಂಕಿ ಆರಿಸುವ ಹೈಡ್ರಂಟುಗಳನ್ನು ಬೆನ್ನೆಲುಬಿನ ಮೇಲೆ ಕೂರಿಸಿದರೆ ಬಾಲಗಳನ್ನು ಹೀಗೆ ಸಣ್ಣದಾಗಿಸಲು ಅಡ್ಡಿ ಇರುವುದಿಲ್ಲ.

ಯಾವ ಪೈಪು

ಬೆಲೆಗಿಂತ ಮೊದಲು ಅಳತೆ ನೋಡಿ. ಎಚ್‌ಡಿಪಿಇ ಮತ್ತು ಯುಪಿವಿಸಿ (ಗಟ್ಟಿ ಪಿವಿಸಿ) ಪೈಪಿನ ಹೆಸರಲ್ಲಿರುವುದು ಹೊರವ್ಯಾಸ. "160" ಎಂದು ಬರೆದ ಎಸ್‌ಡಿಆರ್ 11 ಎಚ್‌ಡಿಪಿಇ ಪೈಪಿನ (ಹೊರವ್ಯಾಸವು ಗೋಡೆಯ ದಪ್ಪದ 11 ಪಟ್ಟು ಎಂದು ಆ ಸಂಖ್ಯೆಯ ಅರ್ಥ) ಗೋಡೆ 14.6 ಮಿಮೀ, ಒಳಗೆ ಉಳಿಯುವುದು 131 ಮಿಮೀ ಮಾತ್ರ. 150 ಎಂದುಕೊಂಡು ಲೆಕ್ಕ ಹಾಕಿ ಇದನ್ನು ಹೂತರೆ ನಷ್ಟ 1.95 ಪಟ್ಟು, ಹೆಚ್ಚು ಕಡಿಮೆ ದುಪ್ಪಟ್ಟು. ಎಸ್‌ಡಿಆರ್ 17 ಆದರೆ ಒಳವ್ಯಾಸ 141 ಮಿಮೀ, ನಷ್ಟ 1.35 ಪಟ್ಟು. ಡಿಐ ಪೈಪಿನಲ್ಲಿ ಹೆಸರಿನ ಅಳತೆ ಒಳವ್ಯಾಸದ ಹತ್ತಿರವೇ ಇರುತ್ತದೆ. ಹಾಗಾಗಿ ಪೈಪುಗಳ ಬೆಲೆ ಹೋಲಿಸುವಾಗ ಹೆಸರಿಗೆ ಹೆಸರು ಇಡಬೇಡಿ, ಒಳವ್ಯಾಸಕ್ಕೆ ಒಳವ್ಯಾಸ ಇಡಿ.

ಎಚ್‌ಡಿಪಿಇಯ ದೊಡ್ಡ ಗುಣ ಬೆಸುಗೆ. ಸರಿಯಾಗಿ ಬೆಸೆದರೆ ಇಡೀ ಸಾಲು ಒಂದೇ ಪೈಪು. ಬೆಂಡುಗಳಲ್ಲಿ ಕಾಂಕ್ರೀಟ್ ಬ್ಲಾಕ್ ಬೇಡ, ಕುಸಿಯುವ ಮಣ್ಣಿನಲ್ಲೂ ಬಗ್ಗಿಕೊಂಡು ಬಾಳುತ್ತದೆ. ಕೆಡುವುದೂ ಬೆಸುಗೆಯಲ್ಲೇ. ಎಲೆಕ್ಟ್ರೋಫ್ಯೂಷನ್ ಕಪ್ಲರ್ (ಒಳಗಿನ ತಂತಿಯ ಬಿಸಿಯಿಂದ ಪೈಪುಗಳನ್ನು ಬೆಸೆಯುವ ತೋಳು) ಹಾಕುವ ಮೊದಲು ಪೈಪಿನ ಮೇಲ್ಪದರವನ್ನು ಸುಮಾರು 0.2 ಮಿಮೀ ಹೆರೆದು ತೆಗೆಯಬೇಕು. ಗಾಳಿ ಬಿಸಿಲಿಗೆ ಆಕ್ಸಿಡೀಕರಣಗೊಂಡ ಆ ಪದರ ಕರಗಿ ಬೆರೆಯುವುದಿಲ್ಲ. ಸ್ಯಾಂಡ್‌ಪೇಪರಿನಲ್ಲಿ ಉಜ್ಜಿದರೆ ಸಾಲದು, ಹೆರೆಯುವ ಉಪಕರಣವೇ ಬೇಕು. ಹೆರೆಯದೆ ಮಾಡಿದ ಜಾಯಿಂಟು ಪರೀಕ್ಷೆಯ ದಿನ ಪಾಸಾಗಿ, ಕೆಲವು ವರ್ಷದ ನಂತರ ಬಿಚ್ಚಿಕೊಳ್ಳುತ್ತದೆ; ಅದಕ್ಕೇ ಇದು ಅಷ್ಟು ಕೆಟ್ಟ ತಪ್ಪು. ಹೆರೆಯುವ ಮೊದಲು ಪೈಪಿನ ಮೇಲೆ ಮಾರ್ಕರಿನಲ್ಲಿ ಅಡ್ಡಾದಿಡ್ಡಿ ಗೆರೆ ಎಳೆಯಿರಿ. ಗೆರೆ ಪೂರ್ತಿ ಹೋದರೆ ಹೆರೆದದ್ದು ಪೂರ್ತಿ ಆಯಿತು. ಆಮೇಲೆ ಕೈ ತಾಗಿಸಬೇಡಿ, ತಣ್ಣಗಾಗುವವರೆಗೆ ಕ್ಲ್ಯಾಂಪ್ ತೆಗೆಯಬೇಡಿ.

ಶಾಖವನ್ನೂ ಲೆಕ್ಕಕ್ಕೆ ತನ್ನಿ. ಎಚ್‌ಡಿಪಿಇಯ ಒಂದು ದರ್ಜೆಯಾದ ಪಿಇ 100 ಪೈಪಿನ ಮೇಲಿನ ಪಿಎನ್ ಸಂಖ್ಯೆ (ಪೈಪು ತಾಳುವ ಒತ್ತಡ, ಬಾರ್‌ನಲ್ಲಿ; ಒಂದು ಬಾರ್ ಸುಮಾರು 10 ಮೀಟರ್ ಹೆಡ್) 20 ಡಿಗ್ರಿ ಸೆಲ್ಸಿಯಸ್‌ಗೆ ಹೇಳಿದ್ದು. ನೀರು 30 ಡಿಗ್ರಿ ಇದ್ದರೆ 0.87ರಿಂದ, 40 ಡಿಗ್ರಿ ಇದ್ದರೆ 0.74ರಿಂದ ಗುಣಿಸಬೇಕು, ಪಿಎನ್ 10 ಪೈಪು ಅಲ್ಲಿ 7.4 ಬಾರ್ ಪೈಪು. ನೂರು ಮೀಟರ್ ಸಾಲು 20 ಡಿಗ್ರಿ ತಣಿದರೆ ಮೂವತ್ತು ನಲವತ್ತು ಸೆಂಟಿಮೀಟರ್ ಕುಗ್ಗಬಲ್ಲದು. ಮಧ್ಯಾಹ್ನದ ಬಿಸಿಲಲ್ಲಿ ಎಳೆದು ಸಂಜೆಗೇ ವಾಲ್ವಿಗೆ ಬಿಗಿದರೆ ರಾತ್ರಿ ಆ ಜಾಯಿಂಟಿನಿಂದ ಪೈಪು ಹೊರಬರುತ್ತದೆ. ಟ್ರೆಂಚಿನಲ್ಲಿ ಸ್ವಲ್ಪ ಹಾವಿನ ನಡೆಯಾಗಿ ಮಲಗಿಸಿ, ತಣ್ಣಗಾದ ಮೇಲೆ ಕೊನೆಯ ಜೋಡಣೆ ಮಾಡಿ.

ಡಿಐ ಪೈಪು ಭಾರ, ದುಬಾರಿ, ಆದರೆ ಗಟ್ಟಿ. ವಾಹನ ಓಡಾಡುವ ರಸ್ತೆ, ಹೆಚ್ಚಿನ ಒತ್ತಡ, ಮುಂದೆ ಯಾರ್ಯಾರೋ ಅಗೆಯುವ ಜಾಗ, ಇಂಥಲ್ಲಿ 200 ಮಿಮೀಗಿಂತ ಮೇಲೆ ನಮ್ಮ ಆಯ್ಕೆ ಅದೇ. ಪೆಟ್ರೋಲ್, ಡೀಸೆಲ್ ಸೋರಿದ ಮಣ್ಣಿನಲ್ಲಿ ಪ್ಲಾಸ್ಟಿಕ್ ಹಾಕಲೇಬಾರದು. ಆ ರಾಸಾಯನಿಕಗಳು ಗೋಡೆಯೊಳಗಿಂದ ನೀರಿಗೆ ನುಸುಳುತ್ತವೆ. ಡಿಐ ಪೈಪಿನ ಶತ್ರು ತುಕ್ಕು ಹಿಡಿಸುವ ಮಣ್ಣು. ಜವುಗು, ಉಪ್ಪು ಮಣ್ಣಿನಲ್ಲಿ ಪಾಲಿಥೀನ್ ತೋಳು ತೊಡಿಸಿ ಹೂಳಬೇಕು. ಇನ್ನೊಂದು, ಅದರ ಸಾಕೆಟ್ ಜಾಯಿಂಟು ನೀರನ್ನು ತಡೆಯುತ್ತದೆ, ಎಳೆತವನ್ನು ತಡೆಯುವುದಿಲ್ಲ. 200 ಮಿಮೀ ಪೈಪಿನ 90 ಡಿಗ್ರಿ ಬೆಂಡಿನ ಮೇಲೆ 15 ಬಾರ್ ಪರೀಕ್ಷಾ ಒತ್ತಡದಲ್ಲಿ ಬೀಳುವ ತಳ್ಳು ಸುಮಾರು 82 ಕಿಲೋನ್ಯೂಟನ್, ಎಂಟು ಟನ್ನಿಗೂ ಹೆಚ್ಚು. ಆ ತಳ್ಳನ್ನು ತಡೆಯುವ ಕಾಂಕ್ರೀಟ್ ಥ್ರಸ್ಟ್ ಬ್ಲಾಕು ಅಗೆಯದ ಮಣ್ಣಿಗೆ ಒರಗಿರಬೇಕು. ತುಂಬಿದ ಸಡಿಲ ಮಣ್ಣಿಗೆ ಒರಗಿಸಿದರೆ ಬ್ಲಾಕೂ ಸರಿಯುತ್ತದೆ, ಬೆಂಡೂ ಕಳಚುತ್ತದೆ.

ಯುಪಿವಿಸಿ ಅಗ್ಗ, ಹಗುರ, ಸಣ್ಣ ವ್ಯಾಸಕ್ಕೆ ಪರವಾಗಿಲ್ಲ. ಬಿಸಿಲಲ್ಲಿ ತಿಂಗಳುಗಟ್ಟಲೆ ಬಿದ್ದ ಪೈಪು ಬಿರುಸಾಗುತ್ತದೆ, ಅಡಿಯಲ್ಲಿ ಒಂದು ಕಲ್ಲು ಒತ್ತಿದರೂ ಸೀಳುತ್ತದೆ, ಪಂಪು ಪದೇ ಪದೇ ನಿಂತು ಶುರುವಾಗುವ ಕಡೆ ದಣಿದು ಒಡೆಯುತ್ತದೆ. ಒಳಬೀದಿಗೆ ಹಾಕುವುದಾದರೆ ಸುತ್ತ 100 ಮಿಮೀ ಮರಳಿನ ಹಾಸು ಕಡ್ಡಾಯ. ಜಿಐ (ಸತು ಲೇಪದ ಕಬ್ಬಿಣ) ಪೈಪನ್ನು ನೆಲದಡಿ ಹೂಳುವ ಮಾತೇ ಬೇಡ.

ನೀರಿನ ಹೊಡೆತದಲ್ಲೂ ಪೈಪುಗಳು ಬೇರೆ ಬೇರೆ. ಸೆಕೆಂಡಿಗೆ ಒಂದು ಮೀಟರ್ ವೇಗದ ನೀರು ತಟಕ್ಕನೆ ನಿಂತರೆ ಡಿಐ ಪೈಪಿನಲ್ಲಿ ಒತ್ತಡ 120 ಮೀಟರಿನಷ್ಟು ಜಿಗಿಯಬಲ್ಲದು, ಎಚ್‌ಡಿಪಿಇಯಲ್ಲಿ ಸುಮಾರು 30 ಮೀಟರ್. ಪಂಪಿನಿಂದ ಹೊರಡುವ ಉದ್ದನೆಯ ಸಾಲಿಗೆ ಈ ಲೆಕ್ಕ ಮಾಡದೆ ಪಿಎನ್ ಆರಿಸಬೇಡಿ.

ಯಾವುದೇ ಪೈಪಾದರೂ ಸೋರಿಕೆಯ ತವರು ಎಂದರೆ ಮನೆಗಳಿಗೆ ಕೊಡುವ ಸಂಪರ್ಕ. ಮುಖ್ಯ ಪೈಪಿಗೆ ಉತ್ತಮ ದರ್ಜೆ ಹಾಕಿ, ಮನೆ ಸಂಪರ್ಕದ ಸ್ಯಾಡಲ್ಲು (ಮುಖ್ಯ ಪೈಪನ್ನು ತಬ್ಬುವ ಪಟ್ಟಿ), ಫೆರೂಲಿನಲ್ಲಿ (ಅದರಿಂದ ನೀರು ತೆಗೆಯುವ ಜೋಡಣೆ) ಚೌಕಾಸಿ ಮಾಡಿದರೆ ಉಳಿಸಿದ್ದೆಲ್ಲ ನೀರಾಗಿ ಹೋಗುತ್ತದೆ.

ಟ್ಯಾಂಕೋ, ನೇರ ಪಂಪೋ

ದಿನದ ಸರಾಸರಿ ಸೆಕೆಂಡಿಗೆ 20 ಲೀಟರ್, ಅಂದರೆ ದಿನಕ್ಕೆ ಸುಮಾರು 1,730 ಘನ ಮೀಟರ್ ಎಂದುಕೊಳ್ಳಿ. ಬೆಳಗಿನ ಗರಿಷ್ಠ ಬೇಡಿಕೆ ಇದರ ಎರಡೂವರೆ ಪಟ್ಟು, 50 ಲೀಟರ್. ನೇರ ಪಂಪಿಂಗ್ ಆದರೆ ಪಂಪು, ಸ್ಟ್ಯಾಂಡ್‌ಬೈ ಪಂಪು, ಜನರೇಟರ್ ಎಲ್ಲವೂ 50 ಲೀಟರಿಗೇ ಬೇಕು. ಟ್ಯಾಂಕಿದ್ದರೆ ಪಂಪು ದಿನವಿಡೀ 20 ಲೀಟರ್ ಕಳಿಸಿದರೆ ಸಾಕು, ಏರಿಳಿತವನ್ನು ಟ್ಯಾಂಕು ನೋಡಿಕೊಳ್ಳುತ್ತದೆ. ಅದಕ್ಕೆ ದಿನದ ಬಳಕೆಯ ಕಾಲುಭಾಗ, ಸುಮಾರು 430 ಘನ ಮೀಟರ್ ಬೇಕು. ತುರ್ತು ಸಂಗ್ರಹ ಬೇರೆ.

ಪಂಪಿನ ವೇಗ ಬದಲಿಸುವ ಡ್ರೈವ್ ಹಾಕಿದರೆ ವಿದ್ಯುತ್ ಘನದ ಲೆಕ್ಕದಲ್ಲಿ (ವೇಗ ಅರ್ಧವಾದರೆ ವಿದ್ಯುತ್ ಎಂಟನೇ ಒಂದು) ಉಳಿಯುತ್ತದೆ ಎಂದು ಮಾರುವವರು ಹೇಳುತ್ತಾರೆ. ಘರ್ಷಣೆಯೇ ಮುಖ್ಯವಾದ ಸಾಲಿನಲ್ಲಿ ಅದು ನಿಜ. ಹಂಚಿಕೆ ಜಾಲದಲ್ಲಿ ಎತ್ತರವೇ ಮುಖ್ಯ. ಎತ್ತರಕ್ಕೆ 30 ಮೀಟರ್, ಘರ್ಷಣೆಗೆ 10 ಮೀಟರ್ ಬೇಕಿರುವಲ್ಲಿ ಹರಿವು ಅರ್ಧವಾದಾಗ ಒಟ್ಟು ಹೆಡ್ 40ರಿಂದ ಸುಮಾರು 33ಕ್ಕೆ ಇಳಿಯುತ್ತದೆ, ಅಷ್ಟೇ. ರಾತ್ರಿಯ ಅತಿ ಸಣ್ಣ ಹರಿವಿಗೆ ದೊಡ್ಡ ಪಂಪಿನ ದಕ್ಷತೆ ಕುಸಿಯುವುದರಿಂದ ಪಕ್ಕದಲ್ಲಿ ಸಣ್ಣ ಪಂಪೊಂದು ಬೇಕು. ಕರೆಂಟು ನಂಬಿಕೆಯದಲ್ಲದ ಕಡೆ ಟ್ಯಾಂಕೇ ಸರಿ. ಕರೆಂಟು ಗಟ್ಟಿ ಇದ್ದು, ಜಾಗ ಇಲ್ಲದಿದ್ದರೆ ಅಥವಾ ಎತ್ತರದ ಒಂದು ಸಣ್ಣ ಭಾಗಕ್ಕೆ ಮಾತ್ರ ಒತ್ತಡ ಸಾಲದಿದ್ದರೆ, ಆಗ ನೇರ ಪಂಪು ಒಪ್ಪುತ್ತದೆ.

ಟ್ಯಾಂಕು ಎತ್ತರಿಸುವ ಪ್ರತಿ ಮೀಟರಿಗೂ ಮೇಲಿನ ಲೆಕ್ಕದ ಜಾಲದಲ್ಲಿ ವರ್ಷಕ್ಕೆ 2,600 ಯೂನಿಟ್ ಹೆಚ್ಚು ಹೋಗುತ್ತದೆ. "ಇರಲಿ" ಎಂದು ಐದು ಮೀಟರ್ ಏರಿಸುವ ಮೊದಲು ಇದನ್ನು ನೆನೆಯಿರಿ. ಒಳಬರುವ ಮತ್ತು ಹೊರಹೋಗುವ ಪೈಪು ಅಕ್ಕಪಕ್ಕ ಇದ್ದರೆ ಹೊಸ ನೀರು ನೇರ ಹೊರಟು ಹಳೆಯದು ಮೂಲೆಯಲ್ಲೇ ಉಳಿಯುತ್ತದೆ. ಎದುರು ಬದಿಗಳಲ್ಲಿ ಇಡಿ.

ಒತ್ತಡ: ಒಂದೇ ವಲಯವೋ, ಹಲವೋ

ಇಲ್ಲಿ ಖರ್ಚು ಸಣ್ಣದು, ಲಾಭ ದೊಡ್ಡದು. ಪ್ಲಾಸ್ಟಿಕ್ ಮತ್ತು ಲೋಹದ ಪೈಪು ಬೆರೆತ ಜಾಲದಲ್ಲಿ ಸೋರಿಕೆ ಹೆಚ್ಚು ಕಡಿಮೆ ಒತ್ತಡಕ್ಕೆ ಅನುಪಾತವಾಗಿ ಏರುತ್ತದೆ. ಸರಾಸರಿ ಒತ್ತಡ 60ರಿಂದ 40 ಮೀಟರಿಗೆ ಇಳಿದರೆ ಒಂದೂ ಗುಂಡಿ ತೋಡದೆ ಸೋರಿಕೆಯ ಮೂರನೇ ಒಂದು ಭಾಗ ನಿಲ್ಲುತ್ತದೆ, ಒಡೆಯುವುದೂ ಕಡಿಮೆಯಾಗುತ್ತದೆ. ಒಂದು ವಲಯದೊಳಗೆ ನೆಲದ ಏರಿಳಿತ 30 ಮೀಟರ್ ದಾಟಿದರೆ ಎರಡು ಮಾಡಿ.

ಒತ್ತಡ ಇಳಿಸುವ ವಾಲ್ವನ್ನು ಪೈಪಿನ ಅಳತೆಗೇ ತರಿಸುವುದು ಸಾಮಾನ್ಯ ತಪ್ಪು. ರಾತ್ರಿಯ ಸಣ್ಣ ಹರಿವಿನಲ್ಲಿ ದೊಡ್ಡ ವಾಲ್ವು ಒಂದು ಕೂದಲೆಳೆ ತೆರೆದು ಮುಚ್ಚುತ್ತ ನಡುಗುತ್ತದೆ, ಆ ನಡುಕ ಜಾಲವನ್ನೆಲ್ಲ ಕಾಡುತ್ತದೆ. ಹರಿವಿನ ಕನಿಷ್ಠ, ಗರಿಷ್ಠ ಎರಡನ್ನೂ ಕೊಟ್ಟು ಆರಿಸಿ; ಬಹುತೇಕ ಒಂದು ಅಳತೆ ಸಣ್ಣದೇ ಸರಿಹೋಗುತ್ತದೆ. ನೀರು ಒಳಬರುವ ಕಡೆ ಸ್ಟ್ರೇನರ್ (ಕಸ ಹಿಡಿಯುವ ಜಾಲರಿ), ಎರಡೂ ಕಡೆ ವಾಲ್ವು ಮತ್ತು ಪ್ರೆಶರ್ ಗೇಜು, ಪಕ್ಕದಲ್ಲಿ ಬೈಪಾಸ್ ಇರಲಿ. ವಲಯದ ಬಾಯಿಗೆ ಹರಿವು ಅಳೆಯುವ ಒಂದು ಮೀಟರ್ ಹಾಕಿ, ಬೆಳಗಿನ ಜಾವ 2ರಿಂದ 4ರವರೆಗಿನ ಹರಿವು ಬರೆದಿಡಿ. ಊರೆಲ್ಲ ಮಲಗಿರುವ ಆ ಹೊತ್ತಿನಲ್ಲಿ ಹರಿಯುವುದರಲ್ಲಿ ಹೆಚ್ಚಿನ ಪಾಲು ಸೋರಿಕೆಯೇ.

ದಿನವಿಡೀ ನೀರೋ, ಹೊತ್ತು ಕಟ್ಟಿ ನೀರೋ

ಹೊತ್ತು ಕಟ್ಟಿ ಬಿಟ್ಟರೆ ಅಗ್ಗ ಎಂಬುದು ಬರೀ ಭ್ರಮೆ. ದಿನದ ನೀರನ್ನು ನಾಲ್ಕು ಗಂಟೆಯಲ್ಲಿ ಕಳಿಸಬೇಕಾದರೆ ಹರಿವು ಸರಾಸರಿಯ ಆರು ಪಟ್ಟು. ದಿನವಿಡೀ ಬಿಟ್ಟರೆ ಗರಿಷ್ಠ ಎರಡೂವರೆ ಪಟ್ಟು. ಅದೇ ಪೈಪಿನಲ್ಲಿ ನಷ್ಟ ಐದು ಪಟ್ಟಾಗುತ್ತದೆ. ನಷ್ಟ ಸಮವಾಗಿ ಇಡಬೇಕಾದರೆ ವ್ಯಾಸ ಸುಮಾರು ಶೇ 40ರಷ್ಟು ದೊಡ್ಡದಿರಬೇಕು. ಮೇಲಾಗಿ ಖಾಲಿ ಪೈಪು ಒಳಕ್ಕೆ ಎಳೆಯುತ್ತದೆ. ಚರಂಡಿಯ ಪಕ್ಕದ ಸೋರುವ ಜಾಯಿಂಟಿನಿಂದ ಏನು ಒಳಗೆ ಬರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಮಣ್ಣು ಮುಚ್ಚುವ ಮುನ್ನ

ಪರೀಕ್ಷೆಯ ರೀತಿ ಪೈಪಿಗೆ ತಕ್ಕಂತೆ ಬೇರೆ. ಡಿಐ ಪೈಪಿನ ಸಿಮೆಂಟ್ ಲೇಪ ನೀರು ಹೀರುತ್ತದೆ. 24 ಗಂಟೆ ನೀರು ತುಂಬಿಟ್ಟು ಆಮೇಲೆ ಒತ್ತಡ ಏರಿಸಿ. ಎಚ್‌ಡಿಪಿಇ ಒತ್ತಡಕ್ಕೆ ತಾನೇ ಉಬ್ಬುತ್ತದೆ, ಸೋರದಿದ್ದರೂ ಗೇಜಿನ ಮುಳ್ಳು ಇಳಿಯುತ್ತದೆ. ಅದನ್ನು ಸೋರಿಕೆ ಎಂದು ತಿಳಿದು ಒಳ್ಳೆಯ ಜಾಯಿಂಟು ಕತ್ತರಿಸುವವರಿದ್ದಾರೆ. ಉಬ್ಬಲು ಸಮಯ ಕೊಟ್ಟು, ಒತ್ತಡವನ್ನು ತುಸು ತಗ್ಗಿಸಿ, ಮುಳ್ಳು ಮತ್ತೆ ಮೇಲೇರಿ ನಿಲ್ಲುತ್ತದೆಯೇ ನೋಡಿ. ನಿಂತರೆ ಸಾಲು ಸರಿ ಇದೆ. ಏರಿ ಮತ್ತೆ ಇಳಿಯುತ್ತ ಹೋದರೆ ಎಲ್ಲೋ ಸೋರುತ್ತಿದೆ. ಎರಡರಲ್ಲೂ ಮೊದಲು ಎತ್ತರದ ಜಾಗಗಳ ಏರ್ ವಾಲ್ವುಗಳಿಂದ ಗಾಳಿ ಪೂರ್ತಿ ಹೋಗಿರಬೇಕು. ಪರೀಕ್ಷೆಯ ಹೊತ್ತಿಗೆ ಪೈಪಿನ ಮೈಮೇಲೆ ಮಣ್ಣಿರಲಿ, ಜಾಯಿಂಟುಗಳು ಮಾತ್ರ ಬಯಲಿರಲಿ. ಪ್ರತಿ ವಾಲ್ವಿನ ದೂರವನ್ನು ಎರಡು ಸ್ಥಿರ ಗುರುತುಗಳಿಂದ, ಗೋಡೆಯ ಮೂಲೆಯೋ ಕಂಬವೋ, ಅಳೆದು ನಕ್ಷೆಯಲ್ಲಿ ಬರೆಯುವ ಕೆಲಸವೂ ಟ್ರೆಂಚು ತೆರೆದಿರುವಾಗಲೇ ಮುಗಿಯಬೇಕು. ಡಾಂಬರು ಬಿದ್ದ ಮೇಲೆ ವಾಲ್ವಿನ ಮುಚ್ಚಳ ಹುಡುಕಲು ಆ ಎರಡು ಅಳತೆಗಳೇ ಗತಿ.